ಒಳಗೆ ಕೂತವರಿಗೂ ಗಂಟೆ ಕೇಳಬೇಕು: ಖಾನಾಪುರದ ಒಂದು ಕಚೇರಿ, ಎರಡು ಸ್ಯಾಟಲೈಟ್ ಫೋನ್

ಖಾನಾಪುರ ತಾಲೂಕಿನ ಪಶ್ಚಿಮ ಭಾಗ ನೋಡಿದವರಿಗೆ ಈ ಸಮಸ್ಯೆಯನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಬೆಳಗಾವಿಯಿಂದ ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೊರಟರೆ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ಭೀಮಗಡ ಅಭಯಾರಣ್ಯದ ಒಳಗಿನ ಆಮಗಾಂವ, ಗವಾಳಿ, ಕೊಂಗಳಾದಂಥ ಊರುಗಳಲ್ಲಂತೂ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವುದು ಹಳೆಯ ರೂಢಿ. ಮಲಪ್ರಭೆ ಹುಟ್ಟುವುದೇ ಕಣಕುಂಬಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಬೀಳುವುದಲ್ಲ, ನಿಂತೇ ಇರುತ್ತದೆ. ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಕರೆಂಟ್ ಹೋದ ಮೇಲೆ ಟವರಿನ ಬ್ಯಾಟರಿ ಮುಗಿಯುತ್ತದೆ. ರಸ್ತೆ ಬಂದ್ ಆಗಿದ್ದರೆ ಟವರಿಗೆ ಡೀಸೆಲ್ ಒಯ್ಯುವವರೂ ಇಲ್ಲ. ಆಮೇಲೆ ಖಾನಾಪುರ ಪೇಟೆಯಲ್ಲೂ ಫೋನ್ ಹತ್ತುವುದು ನಂಬಿಕೆಯ ಮಾತಲ್ಲ.

ಈ ಭಾಗದಲ್ಲಿ ಕೆಲಸ ಮಾಡುವ ಒಂದು ಕಚೇರಿ ಇದೆ. ಹೆಸರು ಬೇಡ. ಮಳೆಗಾಲದಲ್ಲಿ ರಸ್ತೆ, ಸೇತುವೆ, ಜನರ ಸಾಗಾಟದ ಹೊಣೆ ಇವರ ಮೇಲೂ ಇರುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿ ದಂಡೆಯ ಊರುಗಳು ಹೇಗೆ ಮುಳುಗಿದ್ದವು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಹೇಗೆ ನುಗ್ಗಿತ್ತು ಎಂಬುದು ಎಲ್ಲರಿಗೂ ನೆನಪಿದೆ. ಆಮೇಲಿನ ವರ್ಷಗಳಲ್ಲಿ ಈ ಕಚೇರಿಗೂ ಎರಡು ಸ್ಯಾಟಲೈಟ್ ಫೋನ್ ಬಂದವು. ಕೈಯಲ್ಲಿ ಹಿಡಿಯುವಂಥವು, ಇನ್‌ಮಾರ್‌ಸ್ಯಾಟ್ ಎಂಬ ಉಪಗ್ರಹ ಕಂಪನಿಯ ಐಸ್ಯಾಟ್‌ಫೋನ್ 2 ಮಾದರಿ. ಸಂಪರ್ಕ ಬಿಎಸ್‌ಎನ್‌ಎಲ್‌ನದು. ಒಂದು ಕಚೇರಿಗೆ, ಒಂದು ಜೀಪಿಗೆ ಎಂಬ ಲೆಕ್ಕ.

ನನ್ನದು ಬೆಳಗಾವಿಯಲ್ಲಿ ಇಂಟರ್‌ಕಾಮ್, ವೈರ್‌ಲೆಸ್ ಸೆಟ್ ಕೂಡಿಸುವ ಕೆಲಸ. ನನ್ನನ್ನು ಕರೆಸಿದ್ದು ಒಂದೇ ದೂರಿನ ಮೇಲೆ. ಸಾಹೇಬರು ಎರಡೂ ಫೋನನ್ನು ಮೇಜಿನ ಮೇಲಿಟ್ಟು ಹೇಳಿದರು: "ಇವು ಕೆಟ್ಟಿಲ್ಲರಿ. ಹೊರಗ ನಿಂತು ಹಚ್ಚಿದ್ರ ಹತ್ತತಾವು. ಆದ್ರ ಜೀಪಿನಿಂದ ಕಚೇರಿಗೆ, ಕಚೇರಿಯಿಂದ ಜೀಪಿಗೆ ಒಮ್ಮೆನೂ ಮಾತಾಡಾಕ ಆಗಿಲ್ಲ."

ಕರೆ ಯಾಕೆ ಮುಟ್ಟುತ್ತಿರಲಿಲ್ಲ

ಉತ್ತರ ಸರಳ. ಜೀಪಿನವರು ಗಾಡಿ ನಿಲ್ಲಿಸಿ, ಇಳಿದು, ಫೋನಿನ ಆಂಟೆನಾ ಎತ್ತಿ ಕಚೇರಿಗೆ ಕರೆ ಮಾಡುತ್ತಿದ್ದರು. ಆ ಹೊತ್ತಿಗೆ ಕಚೇರಿಯ ಫೋನ್ ಗೋದ್ರೇಜ್ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ಬೆಲೆಬಾಳುವ ಸರ್ಕಾರಿ ಸಾಮಾನು, ಹೊರಗೆ ಇಟ್ಟರೆ ಯಾರು ಜವಾಬ್ದಾರಿ? ಕಚೇರಿಯವರು ಕರೆ ಮಾಡುವಾಗ ಜೀಪಿನ ಫೋನ್ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇರುತ್ತಿತ್ತು. ಎರಡೂ ಕಡೆಯವರು ತಮ್ಮ ಪಾಲಿಗೆ ಸರಿಯಾಗಿಯೇ ನಡೆದುಕೊಂಡಿದ್ದರು. ಕರೆ ಮಾತ್ರ ಮುಟ್ಟುತ್ತಿರಲಿಲ್ಲ.

ಸ್ಯಾಟಲೈಟ್ ಫೋನಿನ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಇದೇ. "ಎಲ್ಲಿ ಬೇಕಾದರೂ ಹತ್ತುತ್ತದೆ" ಎಂದು ಜನ ಅಂದುಕೊಂಡಿರುತ್ತಾರೆ. ಎಲ್ಲಿ ಬೇಕಾದರೂ ಅಲ್ಲ, ಆಕಾಶ ಕಾಣುವ ಕಡೆ ಮಾತ್ರ. ಇನ್‌ಮಾರ್‌ಸ್ಯಾಟ್ ಉಪಗ್ರಹ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಲೆಕ್ಕಕ್ಕೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಅಷ್ಟು ದೂರದಿಂದ ಬರುವ ಅಲೆ ಬಹಳ ಸಣ್ಣದು. ತೆಳು ಗಾಜು, ಬಟ್ಟೆ ದಾಟಿ ಬಂದೀತು. ಆರ್‌ಸಿಸಿ ಛತ್ತು, ಜೀಪಿನ ಟಾಪು, ಕಬ್ಬಿಣದ ಕಪಾಟು ದಾಟುವುದಿಲ್ಲ. ಮೊಬೈಲ್ ಟವರ್ ನಾಲ್ಕು ಕಿಲೋಮೀಟರ್ ದೂರದಲ್ಲಿದ್ದು ಗೋಡೆ ದಾಟಿ ಬರುತ್ತದೆ ಅಲ್ವಾ, ಆ ರೂಢಿಯಿಂದಲೇ ನಮಗೆ ಇದು ಒಗ್ಗುವುದಿಲ್ಲ.

ಈ ಮಾದರಿಗೆ ಒಂದು ಒಳ್ಳೆಯ ಗುಣ ಇದೆ. ಆಂಟೆನಾ ಮಡಚಿಟ್ಟಿದ್ದರೂ ಕರೆ ಬಂದ ಸೂಚನೆ ಕೊಡುತ್ತದೆ. ಕೇಳಿದ ಕೂಡಲೇ ಆಂಟೆನಾ ಎತ್ತಿ ಮಾತಾಡಬಹುದು. ಆದರೆ ಅದೂ ಬಯಲಿನಲ್ಲಿ ಇದ್ದಾಗ. ಕಪಾಟಿನೊಳಗೆ ಆ ಸೂಚನೆಯೂ ಬರುವುದಿಲ್ಲ.

ಹಾಗಾಗಿ ಈ ಕಚೇರಿಯಲ್ಲಿ ಎರಡು ಫೋನ್ ಇದ್ದದ್ದು ನಿಜ, ಆದರೆ ಎರಡೂ ಹೊರಹೋಗುವ ಕರೆಗೆ ಮಾತ್ರ ಇದ್ದವು. ಕರೆ ಮಾಡುವವರೇ ಎರಡೂ ಕಡೆ. ತೆಗೆದುಕೊಳ್ಳುವವರು ಯಾರೂ ಇಲ್ಲ. ಮಳೆಗಾಲದ ಕಚೇರಿಗೆ ಬೇಕಾಗಿರುವುದು ಇದರ ಉಲ್ಟಾ. ಕಾಡಿನಿಂದ ಯಾವಾಗ ಕರೆ ಬರುತ್ತದೋ ಆಗ ಇಲ್ಲಿ ಗಂಟೆ ಬಾರಿಸಬೇಕು. ಫೋನನ್ನು ಒಳಗೆ ಕೂಡಿಸಿ ಹೊರಗಿನ ಆಂಟೆನಾಕ್ಕೆ ಜೋಡಿಸುವ ಡಾಕಿಂಗ್ ಸ್ಟೇಷನ್, ಅಂದರೆ ಡಾಕ್, ಬೇಕಾದದ್ದು ಈ ಒಂದು ಕಾರಣಕ್ಕೆ. ಸ್ಪೀಕರ್, ಬ್ಲೂಟೂತ್, ಚಾರ್ಜಿಂಗ್ ಎಲ್ಲ ಅದರ ಮೇಲಿನ ಒಗ್ಗರಣೆ.

ಡಾಕ್ ಏನು ಮಾಡುತ್ತದೆ

ಡಾಕ್ ಎಂದರೆ ಫೋನನ್ನು ಕೂಡಿಸುವ ಒಂದು ತೊಟ್ಟಿಲು. ಫೋನ್ ಕೂತ ಕೂಡಲೇ ಅದರ ಸ್ವಂತ ಆಂಟೆನಾದ ಕೆಲಸ ನಿಂತು, ಹೊರಗೆ ಛತ್ತಿನ ಮೇಲೆ ಇಟ್ಟ ಆಂಟೆನಾ ಕೆಲಸ ಹಿಡಿಯುತ್ತದೆ. ಫೋನ್ ಒಳಗೆ, ಕಣ್ಣು ಹೊರಗೆ. ಜೊತೆಗೆ ಫೋನು ಚಾರ್ಜ್ ಆಗುತ್ತಿರುತ್ತದೆ.

ಇಲ್ಲಿ ಜನ ಮರೆಯುವ ಒಂದು ಸಂಗತಿ ಇದೆ. ಈ ಫೋನಿಗೆ ಉಪಗ್ರಹದ ಸಿಗ್ನಲ್ ಒಂದೇ ಸಾಲದು, ಜಿಪಿಎಸ್ ಕೂಡ ಬೇಕು. ತಾನು ಎಲ್ಲಿದ್ದೇನೆ ಎಂದು ಜಿಪಿಎಸ್‌ನಿಂದ ತಿಳಿದುಕೊಂಡ ಮೇಲೆಯೇ ಅದು ನೆಟ್‌ವರ್ಕಿಗೆ ಸೇರುತ್ತದೆ. ಹಾಗಾಗಿ ಹೊರಗಿನ ಆಂಟೆನಾದಿಂದ ಡಾಕ್‌ಗೆ ಎರಡು ಕೇಬಲ್ ಬರುತ್ತವೆ, ಒಂದು ಉಪಗ್ರಹಕ್ಕೆ, ಇನ್ನೊಂದು ಜಿಪಿಎಸ್‌ಗೆ. ಎರಡನೆಯದನ್ನು ಬಿಟ್ಟರೆ ಎಲ್ಲ ಸರಿ ಕಂಡರೂ ಫೋನ್ ಸುಮ್ನೆ ಹುಡುಕುತ್ತ ಕೂರುತ್ತದೆ.

ಐಸ್ಯಾಟ್‌ಫೋನಿಗೆ ಡಾಕ್ ಮಾಡುವವರಲ್ಲಿ ಹೆಸರಾದದ್ದು ಆಸ್ಟ್ರೇಲಿಯಾದ ಬೀಮ್ ಕಂಪನಿ. ಅದರಲ್ಲೂ ತರಾವರಿ ಇವೆ. ಗಾಡಿಗೆಂದು ಡ್ರೈವ್ ಮಾದರಿ, ಕೈ ಬಿಟ್ಟು ಮಾತಾಡುವುದಕ್ಕೆ. ಲೈಟ್ ಎಂಬುದು ಸಾದಾ. ಪ್ರೊ ಮಾದರಿಯಲ್ಲಿ ಆರ್‌ಜೆ-11 ಕಿಂಡಿ ಇರುತ್ತದೆ. ಎಂದರೆ ನಮ್ಮ ಮನೆಯ ಹಳೆ ಲ್ಯಾಂಡ್‌ಲೈನ್ ಫೋನಿನ ಪಿನ್ನನ್ನೇ ಅದಕ್ಕೆ ಚುಚ್ಚಬಹುದು, ಇಂಟರ್‌ಕಾಮ್ ಪೆಟ್ಟಿಗೆಗೂ ಕೊಡಬಹುದು. ಆಮೇಲೆ ಸ್ಯಾಟಲೈಟ್ ಕರೆ ಬಂದರೆ ಮಾಮೂಲಿ ಫೋನಿನಂತೆ ಟ್ರಿಣ್ ಟ್ರಿಣ್.

ಮೊದಲು ಬಂದ ಕೊಟೇಶನ್ನಿನಲ್ಲಿ ಇದ್ದದ್ದು ಹಳೆಯ ಐಸ್ಯಾಟ್‌ಫೋನ್ ಪ್ರೊ ಫೋನಿನ ಡಾಕ್. 2010ರಲ್ಲಿ ಬಂದ ಆ ಫೋನಿನ ಡಾಕು, 2014ರಲ್ಲಿ ಬಂದ ಐಸ್ಯಾಟ್‌ಫೋನ್ 2ಕ್ಕೆ ಕೂರುವುದಿಲ್ಲ. ಎರಡು ಡಾಕುಗಳ ಹೆಸರಿನಲ್ಲಿ ಒಂದಂಕಿಯ ವ್ಯತ್ಯಾಸ, ಅಷ್ಟೇ. ಕಚೇರಿಯ ಎಫ್‌ಡಿಎ ಮೇಡಂ ಫೋನಿನ ಹಿಂದಿನ ಚೀಟಿ ನೋಡಿ, ಕೊಟೇಶನ್ ನೋಡಿ, "ಸರ, ಇದರಾಗ 2 ಅನ್ನೋದು ಇಲ್ಲಲ್ರಿ" ಎಂದರು. ಆ ಒಂದು ಮಾತು ಉಳಿಸಿದ ದುಡ್ಡು ಸಣ್ಣದಲ್ಲ. ಡಾಕ್, ಆಂಟೆನಾ, ಕೇಬಲ್ ಎಲ್ಲ ಕೂಡಿಸಿದರೆ ಫೋನಿನ ಬೆಲೆಯನ್ನೇ ದಾಟುವುದುಂಟು.

ಅನುಮತಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜಾಂಬೋಟಿ ಕಡೆಯ ರೆಸಾರ್ಟಿನವರು, ಚಾರಣದವರು ನನ್ನನ್ನು ಇದರ ಬಗ್ಗೆ ಆಗಾಗ ಕೇಳುತ್ತಾರೆ. ಭಾರತದಲ್ಲಿ ಸ್ಯಾಟಲೈಟ್ ಫೋನನ್ನು ಅಂಗಡಿಯಿಂದ ತಂದು ಬಳಸುವಂತಿಲ್ಲ. ದೂರಸಂಪರ್ಕ ಇಲಾಖೆಯ ಅನುಮತಿ ಬೇಕು, ಇಲ್ಲವೇ ಬಿಎಸ್‌ಎನ್‌ಎಲ್ ಕೊಟ್ಟ ಸಂಪರ್ಕ ಆಗಿರಬೇಕು. ಬಿಎಸ್‌ಎನ್‌ಎಲ್ ಈ ಸೇವೆ ಶುರು ಮಾಡಿದ್ದು 2017ರ ಮೇನಲ್ಲಿ. ಅದರ ಗೇಟ್‌ವೇ, ಎಂದರೆ ಉಪಗ್ರಹದ ಕರೆ ನೆಲಕ್ಕೆ ಇಳಿಯುವ ಕೇಂದ್ರ, ಗಾಜಿಯಾಬಾದಿನಲ್ಲಿದೆ. ಮೊದಲ ಸರದಿ ಸರ್ಕಾರಿ, ವಿಪತ್ತು ನಿರ್ವಹಣೆಯ ಸಂಸ್ಥೆಗಳದು. ಥುರಾಯಾ, ಇರಿಡಿಯಂ ಎಂಬ ಬೇರೆ ಕಂಪನಿಗಳ ಸ್ಯಾಟಲೈಟ್ ಫೋನುಗಳನ್ನು ಅನುಮತಿ ಇಲ್ಲದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಸುದ್ದಿ ಆಗಾಗ ಬರುತ್ತಿರುತ್ತದೆ. ಮುಂಬೈ ಮೇಲಿನ 2008ರ ದಾಳಿಯಲ್ಲಿ ಉಗ್ರರು ಸ್ಯಾಟಲೈಟ್ ಫೋನ್ ಬಳಸಿದ್ದರು. ಆಮೇಲೆ ಈ ಬಿಗಿ ಇನ್ನೂ ಜಾಸ್ತಿ ಆಯಿತು. ಈ ಕಚೇರಿಯವರು ಡಾಕ್ ತರಿಸುವ ಮೊದಲು ಫೋನ್ ಕೊಟ್ಟವರಿಗೇ ಪತ್ರ ಬರೆದು ಕೇಳಿದರು. ನನಗೆ ಅದು ಸರಿ ಕಂಡಿತು. ಜೀಪಿನ ಮೇಲೆ ಆಂಟೆನಾ ಕಂಡು ಚೆಕ್‌ಪೋಸ್ಟಿನಲ್ಲಿ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ಒಂದು ಕಾಗದ ಇರಬೇಕು.

ಜೀಪಿನ ಕೆಲಸ

ಜೀಪು ಎಂದರೆ ಬೊಲೆರೊ. ಅದರ ಟಾಪಿನ ಮೇಲೆ ಆಗಲೇ ಮೂರು ಸಾಮಾನು ಇದ್ದವು: ಕ್ಯಾರಿಯರ್, ಬಣ್ಣದ ದೀಪ, ವೈರ್‌ಲೆಸ್ ಸೆಟ್ಟಿನ ಉದ್ದ ಕೋಲು. ನಾಲ್ಕನೆಯದಕ್ಕೆ ಜಾಗ ಹುಡುಕುವುದೇ ಇಲ್ಲಿನ ಮುಖ್ಯ ಕೆಲಸ.

ಡಾಕ್ ಬಂದ ಮೇಲೆ ಅದನ್ನು ಕೂಡಿಸಲು ಕಚೇರಿಯವರು ಮೊದಲು ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ್ದರು. ಆತ ಆಂಟೆನಾವನ್ನು ಕ್ಯಾರಿಯರಿನ ಒಳಗೆ ಕೂಡಿಸಿದ್ದ. ಕಳ್ಳರ ಕಣ್ಣಿಗೆ ಬೀಳುವುದಿಲ್ಲ, ಕೊಂಬೆ ತಾಗುವುದಿಲ್ಲ ಎಂಬ ಯೋಚನೆ. ಖಾಲಿ ಕ್ಯಾರಿಯರ್ ಇದ್ದಾಗ ಫೋನ್ ಚೆನ್ನಾಗಿಯೇ ನಡೆಯಿತು. ಮಳೆಗಾಲದಲ್ಲಿ ಕ್ಯಾರಿಯರಿಗೆ ಹಗ್ಗ, ಗರಗಸ, ಡೀಸೆಲ್ ಡಬ್ಬ ಬಿತ್ತು, ಮೇಲೆ ತಾಡಪತ್ರಿ ಬಂತು. ಬರೀ ತಾಡಪತ್ರಿ ಅಡ್ಡಿ ಮಾಡುವುದಿಲ್ಲ, ಆದರೆ ಅದರ ಗುಂಡಿಯಲ್ಲಿ ನೀರು ನಿಂತರೆ ಮಾಡುತ್ತದೆ. ಕಬ್ಬಿಣದ ಡಬ್ಬದ ಬಗ್ಗೆ ಹೇಳುವುದೇ ಬೇಡ. ಫೋನ್ ಅತಿ ಜಾಸ್ತಿ ಬೇಕಾದ ದಿನವೇ ಅದರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಯಿತು.

ನಾವು ಅದನ್ನು ತೆಗೆದು ಟಾಪಿನ ಮುಂದಿನ ಅಂಚಿಗೆ, ಕ್ಯಾರಿಯರಿಗಿಂತ ಸ್ವಲ್ಪ ಎತ್ತರ ಬರುವಂತೆ ಪಟ್ಟಿ ಕೊಟ್ಟು ಬೋಲ್ಟ್ ಮಾಡಿದೆವು. ಅಯಸ್ಕಾಂತದ ತಳ ಇರುವ ಆಂಟೆನಾವೂ ಸಿಗುತ್ತದೆ, ರಂಧ್ರ ಕೊರೆಯಬೇಕಾಗಿಲ್ಲ. ಚೋರ್ಲಾ ಘಾಟಿನಲ್ಲಿ ರಸ್ತೆಗೆ ಬಾಗಿದ ಕೊಂಬೆಗಳನ್ನು ನೋಡಿದವರು ಅದನ್ನು ಆರಿಸುವುದಿಲ್ಲ. ವೈರ್‌ಲೆಸ್ ಕೋಲಿನಿಂದ ಆಗುವಷ್ಟು ದೂರ ಇಟ್ಟೆವು. ಸೆಟ್ಟಿನವರು ಗುಂಡಿ ಒತ್ತಿ ಮಾತಾಡುವಾಗ ಪಕ್ಕದಲ್ಲೇ ಸಣ್ಣ ದನಿ ಕೇಳಲು ಕಿವಿ ಕೊಟ್ಟು ಕೂತ ಆಂಟೆನಾ ಇರಬಾರದು.

ಮುಂದಿನದು ಕರೆಂಟ್. ಮೊದಲಿನ ಎಲೆಕ್ಟ್ರಿಷಿಯನ್ ಡಾಕಿನ ವೈರನ್ನು ಚಾವಿಯ ಲೈನಿಗೆ ಕೊಟ್ಟಿದ್ದ, ಕಾರ್ ಟೇಪ್ ಕೂಡಿಸುವ ಹಾಗೆ. ಚಾಲಕ ಚಾವಿ ತೆಗೆದ ಕೂಡಲೇ ಡಾಕ್ ಬಂದ್. ಈ ಜೀಪಿನ ಕೆಲಸ ಏನು? ಮುರಿದ ಸೇತುವೆಯ ಪಕ್ಕ, ಬಿದ್ದ ಮರದ ಪಕ್ಕ ಗಂಟೆಗಟ್ಟಲೆ ನಿಲ್ಲುವುದು. ಕರೆ ಬರುವುದೇ ಆಗ. ಡಾಕಿಗೆ ಬ್ಯಾಟರಿಯಿಂದ ನೇರ ವೈರು, ನಡುವೆ ಫ್ಯೂಸು, ಚಾವಿಯ ಲೈನು ಬರೀ ಸೂಚನೆಗೆ ಬೇರೆ ವೈರು, ಹೀಗೆ ಕೊಟ್ಟರೆ ಗಾಡಿ ನಿಂತರೂ ಅದು ಎಚ್ಚರ ಇರುತ್ತದೆ. ಈ ಡಾಕುಗಳು 12 ವೋಲ್ಟಿನ ಜೀಪಿಗೂ 24 ವೋಲ್ಟಿನ ಲಾರಿಗೂ ನಡೆಯುತ್ತವೆ, ಆ ಚಿಂತೆ ಇರಲಿಲ್ಲ. ಆದರೆ ವಾರಗಟ್ಟಲೆ ಗಾಡಿ ಶೆಡ್ಡಿನಲ್ಲಿ ನಿಂತರೆ ಬ್ಯಾಟರಿ ಇಳಿಯುತ್ತದೆ. ಅದಕ್ಕೆ ಒಂದು ಸ್ವಿಚ್ ಹಾಕಿದೆವು. ಸ್ವಿಚ್ ಇದ್ದ ಮೇಲೆ ಅದನ್ನು ಹಾಕಲು ಮರೆಯುವವರೂ ಇರುತ್ತಾರೆ. ಹಾಗಾಗಿ ಸ್ಟಿಯರಿಂಗ್ ಪಕ್ಕ, ಕೆಂಪು ದೀಪದ ಜೊತೆ ಹಾಕಿದೆವು.

ನೀರಿನ ಬಗ್ಗೆ ಒಂದು ಮಾತು. ಟಾಪಿನಿಂದ ಒಳಗೆ ಬರುವ ಕೇಬಲ್ ನೇರ ಇಳಿಜಾರಿನಲ್ಲಿ ಬಂದರೆ ಮಳೆನೀರು ಅದನ್ನೇ ಹಿಡಿದುಕೊಂಡು ಡ್ಯಾಶ್‌ಬೋರ್ಡಿಗೆ ಬರುತ್ತದೆ. ಒಳಗೆ ಹೋಗುವ ಮುಂಚೆ ಕೇಬಲನ್ನು ಒಮ್ಮೆ ಕೆಳಕ್ಕೆ ಬಳುಕಿಸಿ ಮೇಲಕ್ಕೆ ಎತ್ತಬೇಕು. ನೀರು ಬಳುಕಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಡಿಶ್ ಕೂಡಿಸುವ ಹುಡುಗರಿಗೆಲ್ಲ ಗೊತ್ತಿರುವ ವಿದ್ಯೆ, ಗಾಡಿಯಲ್ಲಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಓಡಿಸುತ್ತಾ ಮಾತಾಡುವ ಅನುಕೂಲ ಈ ಡಾಕಿನಲ್ಲಿ ಇದೆ. ಸ್ಪೀಕರ್ ಇದೆ, ಮೈಕ್ ಇದೆ, ಪ್ರತಿಧ್ವನಿ ತಡೆಯುವ ವ್ಯವಸ್ಥೆಯೂ ಇದೆ. ಚಾಲಕ ಕಾಕಾ ಅದನ್ನು ಬಳಸಲು ಒಪ್ಪಲಿಲ್ಲ. ಅವರ ಕಾರಣ ಸರಿಯಾಗಿದೆ. 36,000 ಕಿಲೋಮೀಟರ್ ಮೇಲೆ ಹೋಗಿ ಇಳಿಯಲು ಮಾತಿಗೆ ಕಾಲು ಸೆಕೆಂಡು ಬೇಕು, ಉತ್ತರ ಬರಲು ಇನ್ನೊಂದು ಕಾಲು. ಜೊತೆಗೆ ಯಂತ್ರಗಳ ತಡ. ಗೊತ್ತಿಲ್ಲದವರು ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ, "ಹಲೋ ಹಲೋ" ಎಂದು ಕೂಗುತ್ತಾರೆ. "ಹಿಂಗ ಒದರಾಡ್ಕೋತ ಘಾಟಿನ್ಯಾಗ ಗಾಡಿ ಹೊಡೀಲೇನ್ರಿ?" ಎಂದರು ಕಾಕಾ. ಈಗ ಗಂಟೆ ಬಂದರೆ ಪಕ್ಕದ ಸೀಟಿನವರು ರಿಸೀವರ್ ಎತ್ತುತ್ತಾರೆ. ಒಬ್ಬರೇ ಇದ್ದರೆ ಗಾಡಿ ನಿಲ್ಲಿಸಿ ಎತ್ತುತ್ತಾರೆ.

ಕಚೇರಿಯ ಕೆಲಸ

ಜೀಪಿಗಿಂತ ಕಚೇರಿ ಸುಲಭ ಎಂದು ಎಲ್ಲರೂ ಅಂದುಕೊಂಡಿದ್ದರು. ಆಂಟೆನಾ ಮಾಳಿಗೆ ಮೇಲೆ, ಫೋನ್ ಕೆಳಗೆ, ಕೇಬಲ್ ನಡುವೆ. ತೊಂದರೆ ಕೊಟ್ಟದ್ದು ಆ ನಡುವಿನ ಕೇಬಲ್ಲೇ.

ಮಾಳಿಗೆಯಿಂದ ಕಂಟ್ರೋಲ್ ರೂಮಿಗೆ ಕಂಪನಿ ಕೊಟ್ಟ ಕೇಬಲ್ ಮುಟ್ಟಲಿಲ್ಲ. ಮೊದಲಿನ ಕೆಲಸದವರು ಖಡೇಬಜಾರಿನಿಂದ ಡಿಶ್ ಟಿವಿಯ ಕೇಬಲ್ ತಂದು ಗಂಟು ಹಾಕಿ ಉದ್ದ ಮಾಡಿದ್ದರು. ಜಿಪಿಎಸ್ ಬಂತು, ಫೋನ್ ಮಾತ್ರ ಒಮ್ಮೆ ಹತ್ತಿದರೆ ನಾಲ್ಕು ಸಲ ಬಿಡುತ್ತಿತ್ತು. ಕೇಬಲ್ ಅಲೆಗೆ ಒಡ್ಡುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ; ಡಿಶ್ ಕೇಬಲ್ 75 ಓಮ್‌ನದು, ಈ ಆಂಟೆನಾದ ವ್ಯವಸ್ಥೆ 50 ಓಮ್‌ನದು. ಹೊಂದಿಕೆ ಇಲ್ಲ. ಮೇಲಿಂದ ಪ್ರತಿ ಗಂಟಿನಲ್ಲೂ ಸೋರಿಕೆ.

ಕೇಬಲಿನ ಲೆಕ್ಕವನ್ನು ಸಾಹೇಬರಿಗೆ ಹೀಗೆ ಹೇಳಿದೆ. ಈ ಫೋನ್ ಕೆಲಸ ಮಾಡುವುದು 1.5ರಿಂದ 1.6 ಗಿಗಾಹರ್ಟ್ಸ್ ಸುತ್ತ. ಆ ಕಂಪನಾಂಕದಲ್ಲಿ ಆರ್‌ಜಿ-58 ಎಂಬ ತೆಳು ಕೇಬಲಿನಲ್ಲಿ ನಾಲ್ಕು ಮೀಟರ್ ಹೋಗುವಷ್ಟರಲ್ಲಿ ಸುಮಾರು ಅರ್ಧ ಶಕ್ತಿ ಕಳೆಯುತ್ತದೆ. ಬೆರಳು ದಪ್ಪದ ಎಲ್‌ಎಂಆರ್-400 ಕೇಬಲಿನಲ್ಲಿ ಅದೇ ಅರ್ಧ ಕಳೆಯಲು ಹದಿನೈದು ಮೀಟರ್ ದಾಟಬೇಕು. ಮೊದಲೇ ಸಣ್ಣ ಸಿಗ್ನಲ್, ಅದರಲ್ಲಿ ಅರ್ಧ ಎಂದರೆ ಏನು ಉಳಿಯಿತು? ಆಂಟೆನಾದ ಬುಡದಲ್ಲೇ ಬಲ ಕೊಡುವ ಆ್ಯಕ್ಟಿವ್ ಮಾದರಿಯೂ ಇದೆ, ಅದಕ್ಕೆ ಉದ್ದ ಕೇಬಲ್ ತಡೆಯುತ್ತದೆ. ಆದರೆ ಯಾವ ಆಂಟೆನಾಕ್ಕೆ ಯಾವ ಉದ್ದದ ಕೇಬಲ್ ಎಂದು ಮಾಡಿದವರು ಹೇಳಿರುತ್ತಾರೆ. ಕತ್ತರಿಸುವುದೂ ತಪ್ಪು, ಉದ್ದ ಮಾಡುವುದೂ ತಪ್ಪು.

ಕೊನೆಗೆ ಮಾಡಿದ್ದು ಅಗ್ಗದ ದಾರಿ. ಕೇಬಲ್ ಉದ್ದ ಮಾಡಲಿಲ್ಲ, ಡಾಕನ್ನೇ ಎಬ್ಬಿಸಿ ಮೇಲಿನ ಮಹಡಿಯ ಮೆಟ್ಟಿಲ ಪಕ್ಕದ ಸಣ್ಣ ಕೋಣೆಗೆ ಹಾಕಿದೆವು. ಅಲ್ಲಿಂದ ಮಾಳಿಗೆಗೆ ಕಂಪನಿಯ ಕೇಬಲ್ ಆರಾಮಾಗಿ ಮುಟ್ಟಿತು. ಕಂಟ್ರೋಲ್ ರೂಮಿಗೆ ಕೆಳಗಿಳಿದದ್ದು ಮಾಮೂಲಿ ಟೆಲಿಫೋನ್ ವೈರು. ಪ್ರೊ ಮಾದರಿಯ ಆರ್‌ಜೆ-11 ಕಿಂಡಿಯ ನಿಜವಾದ ಬೆಲೆ ಗೊತ್ತಾದದ್ದು ಆಗಲೇ. ಟೆಲಿಫೋನ್ ವೈರು ಎಷ್ಟೋ ದೂರ ಹೋದರೂ ತಕರಾರಿಲ್ಲ. ಸೂಕ್ಷ್ಮವಾದದ್ದನ್ನು ಗಿಡ್ಡ ಇಟ್ಟು, ಒರಟಾದದ್ದನ್ನು ಉದ್ದ ಎಳೆದಂತಾಯಿತು.

ಆಂಟೆನಾದ ಜಾಗಕ್ಕೂ ಸ್ವಲ್ಪ ಚರ್ಚೆ ನಡೆಯಿತು. ಮಾಳಿಗೆ ಮೇಲೆ ಸಿಂಟೆಕ್ಸ್ ಟಾಕಿ ಇತ್ತು. ಅದರ ಸ್ಟ್ಯಾಂಡಿಗೆ ಕಟ್ಟಿದರೆ ಪೈಪಿನ ಖರ್ಚು ಉಳಿಯುತ್ತದೆ ಎಂದರು. ನಮ್ಮ ಬೆಳಗಾವಿ ಕಡೆಯಿಂದ ನೋಡಿದರೆ ಆ ಉಪಗ್ರಹ ನೈಋತ್ಯದ ಕಡೆ, ಸಾಕಷ್ಟು ಎತ್ತರದಲ್ಲಿ, ನೆತ್ತಿಗೆ ಹತ್ತಿರವೇ ಎನ್ನುವಷ್ಟು ಮೇಲಿರುತ್ತದೆ. ಸ್ಟ್ಯಾಂಡಿನ ಈಶಾನ್ಯಕ್ಕೆ ಕಟ್ಟಿದರೆ ನೀರು ತುಂಬಿದ ಟಾಕಿಯೇ ಅಡ್ಡ. ನೀರಿನಷ್ಟು ಕೆಟ್ಟ ಗೋಡೆ ಈ ಅಲೆಗೆ ಇನ್ನೊಂದಿಲ್ಲ. ಬೇರೆ ಮೂಲೆಯಲ್ಲಿ ಒಂದು ಜಿಐ ಪೈಪ್ ನೆಟ್ಟು ಕೂಡಿಸಿದೆವು. ಉಪಗ್ರಹ ಎತ್ತರದಲ್ಲಿರುವುದು ನಮ್ಮ ಭಾಗ್ಯ. ಸುತ್ತಲಿನ ಕಟ್ಟಡ, ಗುಡ್ಡ ಅಷ್ಟಾಗಿ ಅಡ್ಡ ಬರುವುದಿಲ್ಲ. ಮೇ ತಿಂಗಳ ಅಡ್ಡಮಳೆಯ ಗುಡುಗು ಸಿಡಿಲಿಗೆಂದು ಪೈಪಿಗೆ ಅರ್ಥಿಂಗ್ ಕೊಟ್ಟು, ಕೇಬಲಿಗೆ ಸಿಡಿಲು ತಡೆಯುವ ಸಾಮಾನು ಹಾಕಿದೆವು. ಇದರ ಬಿಲ್ಲಿಗೆ ಮಂಜೂರಾತಿ ಪಡೆಯುವುದು ಡಾಕಿನ ಬಿಲ್ಲಿಗಿಂತ ಕಷ್ಟವಾಯಿತು. ಆ ಕತೆ ಬೇರೆ.

ಕಂಟ್ರೋಲ್ ರೂಮಿನಲ್ಲಿ ಆಗಲೇ ಒಂದು ಚಂದದ ಕಾರ್ಡ್‌ಲೆಸ್ ಫೋನ್ ಇತ್ತು. ಅದನ್ನೇ ಹಚ್ಚೋಣ ಎಂದರು. ಕಾರ್ಡ್‌ಲೆಸ್ ಫೋನಿನ ತಳಕ್ಕೆ ಕರೆಂಟ್ ಬೇಕು. ಕರೆಂಟ್ ಹೋದ ದಿನವೇ ಸ್ಯಾಟಲೈಟ್ ಕರೆ ಬರುವುದು, ಆ ದಿನವೇ ಕಾರ್ಡ್‌ಲೆಸ್ ಮಲಗಿರುವುದು. ಸ್ಟೋರಿನಿಂದ ಹಳೆಯ ಸುರುಳಿ ವೈರಿನ ಫೋನ್ ಹುಡುಕಿಸಿದೆವು. ಅದಕ್ಕೆ ಬೇಕಾದ ಕರೆಂಟನ್ನು ಡಾಕೇ ಆ ವೈರಿನಲ್ಲಿ ಕಳಿಸುತ್ತದೆ. ಡಾಕನ್ನು ಇನ್ವರ್ಟರಿಗೆ ಕೊಟ್ಟೆವು. ಇಂಟರ್‌ಕಾಮ್ ಪೆಟ್ಟಿಗೆಗೆ ಕೊಡುವ ಮಾತೂ ಬಂತು, ಎಲ್ಲ ಟೇಬಲ್‌ನಿಂದಲೂ ಮಾತಾಡಬಹುದು ಎಂದು. ನಾನು ಬೇಡ ಎಂದೆ. ಸ್ಯಾಟಲೈಟ್ ಕರೆಯ ನಿಮಿಷ ಅಗ್ಗವಲ್ಲ. ಯಾರ ಟೇಬಲ್‌ನಿಂದ ಯಾರು ಹಚ್ಚಿದರು ಎಂಬ ಜಗಳ ಬಿಲ್ಲಿನ ಜೊತೆ ಬರುತ್ತದೆ. ಒಂದೇ ಫೋನ್, ಒಂದೇ ಮೇಜು, ಪಕ್ಕದಲ್ಲಿ ಒಂದು ನೋಂದಣಿ ಪುಸ್ತಕ.

ಮಳೆಗಾಲ ಬಂದಾಗ

ಪರೀಕ್ಷೆಗೆಂದು ವಾರಕ್ಕೊಮ್ಮೆ ಸೋಮವಾರ ಜೀಪಿನಿಂದ ಕಚೇರಿಗೆ, ಕಚೇರಿಯಿಂದ ಜೀಪಿಗೆ ಒಂದೊಂದು ಕರೆ ಎಂದು ಸಾಹೇಬರು ಆದೇಶ ಮಾಡಿದರು. ಆ ಕರೆಗಳಿಂದಲೇ ಒಂದು ಫೋನಿನ ರೀಚಾರ್ಜ್ ಅವಧಿ ಮುಗಿದದ್ದು ಮಳೆಗೆ ಮುಂಚೆ ಗೊತ್ತಾಯಿತು. ಯಂತ್ರ ಎಲ್ಲ ಸರಿ ಇದ್ದು ಸಿಮ್ ಸತ್ತಿದ್ದರೆ ಛತ್ತಿನ ಮೇಲಿನ ಆಂಟೆನಾ ಬರೀ ಕಾಗೆ ಕೂರಲು.

ಜುಲೈಯ ಒಂದು ರಾತ್ರಿ ಕಣಕುಂಬಿ ಆಚೆ ಮರ ಬಿತ್ತು. ಆ ಹೊತ್ತಿಗೆ ಮೊಬೈಲ್ ಇರಲಿಲ್ಲ, ಕಚೇರಿಯಲ್ಲಿ ಕರೆಂಟೂ ಇರಲಿಲ್ಲ. ಜೀಪಿನವರು ಕರೆ ಮಾಡಿದರು. ಕಂಟ್ರೋಲ್ ರೂಮಿನ ಫೋನ್ ಬಾರಿಸಿತು. ಎತ್ತಿದವರು ರಾತ್ರಿ ಪಾಳಿಯ ವಾಚ್‌ಮನ್. ಅವರಿಗೆ ಸ್ಯಾಟಲೈಟ್ ಫೋನಿನ ಗುಂಡಿಗಳ ಪರಿಚಯ ಇಲ್ಲ. ಬೇಕಾಗಿಯೂ ಇರಲಿಲ್ಲ. ರಿಸೀವರ್ ಎತ್ತಿ ಕಿವಿಗೆ ಹಿಡಿದರು, ಹೇಳಿದ್ದನ್ನು ಬರೆದುಕೊಂಡರು, ಸಾಹೇಬರ ಮನೆಗೆ ಸೈಕಲ್ ಹೊಡೆದರು. ಗರಗಸದವರು ಬೆಳಗಾಗುವ ಮುಂಚೆ ಹೊರಟರು. ನನ್ನ ಮಟ್ಟಿಗೆ ಈ ಇಡೀ ಕೆಲಸ ತೂಗಬೇಕಾದ ತಕ್ಕಡಿ ಇದೇ: ತರಬೇತಿ ಇಲ್ಲದ ಮನುಷ್ಯ, ಕತ್ತಲಲ್ಲಿ, ಕರೆ ತೆಗೆದುಕೊಂಡನೋ ಇಲ್ಲವೋ.

ಸುರಿಯುವ ಮಳೆಯಲ್ಲೂ ಕರೆ ಸ್ಪಷ್ಟ ಇತ್ತಲ್ಲ ಎಂದು ಸಾಹೇಬರಿಗೆ ಆಶ್ಚರ್ಯ. ಮಳೆ ಬಂದರೆ ಡಿಶ್ ಟಿವಿ ನಿಲ್ಲುವುದನ್ನು ಎಲ್ಲರೂ ನೋಡಿರುತ್ತಾರೆ. ಟಿವಿಯ ಅಲೆ ಹತ್ತು ಗಿಗಾಹರ್ಟ್ಸ್ ದಾಟಿದ್ದು, ಮಳೆ ಹನಿಗಳು ಅದನ್ನು ತಿನ್ನುತ್ತವೆ. ಈ ಫೋನಿನ 1.6 ಗಿಗಾಹರ್ಟ್ಸ್ ಅಲೆಗೆ ಮಳೆಯ ಲೆಕ್ಕವೇ ಇಲ್ಲ ಎನ್ನಬಹುದು.

ಮರಗಳ ಲೆಕ್ಕ ಮಾತ್ರ ಇದೆ. ಭೀಮಗಡದ ದಟ್ಟ ಕಾಡಿನ ದಾರಿಯಲ್ಲಿ, ತೊಯ್ದ ಎಲೆಗಳು ಮೇಲೆ ಕವಿದ ಕಡೆ, ಜೀಪಿನ ಆಂಟೆನಾಕ್ಕೂ ಏನೂ ಸಿಗಲಿಲ್ಲ. ಡಾಕ್ ತಗಡನ್ನು ದಾಟಿಸುತ್ತದೆ, ಕಾಡನ್ನು ದಾಟಿಸುವುದಿಲ್ಲ. ಇದಕ್ಕೆ ಪರಿಹಾರ ಕಂಡುಕೊಂಡವರು ಚಾಲಕ ಕಾಕಾ. ಸಿಗ್ನಲ್ ಸಿಗುವ ಜಾಗಗಳನ್ನು ಅವರು ಓಡಾಟದಲ್ಲೇ ಗುರುತು ಮಾಡಿಕೊಂಡರು. ಶಾಲೆಯ ಮೈದಾನ, ಸೇತುವೆಯ ಮೇಲೆ, ಮರ ಇಲ್ಲದ ಕಲ್ಲು ಬಯಲು. ಅವನ್ನು ಒಂದು ಹಾಳೆಯಲ್ಲಿ ಬರೆಸಿ ಕಂಟ್ರೋಲ್ ರೂಮಿನಲ್ಲೂ ಅಂಟಿಸಿದ್ದಾರೆ. ಜೀಪು ಈಗ ಎಲ್ಲಿರಬಹುದು, ಇನ್ನೆಷ್ಟು ಹೊತ್ತಿಗೆ ಬಯಲಿಗೆ ಬರಬಹುದು ಎಂದು ಇವರಿಗೆ ಅಂದಾಜು. ಆ ಹೊತ್ತಿಗೆ ಕರೆ ಮಾಡುತ್ತಾರೆ. ಕರೆ ಮುಟ್ಟದಿದ್ದರೆ 160 ಅಕ್ಷರದೊಳಗೆ ಸಂದೇಶ ಬಿಡುತ್ತಾರೆ, ಬಯಲಿಗೆ ಬಂದಾಗ ಬಂದು ಬೀಳುತ್ತದೆ. ಅದಕ್ಕೂ ಡಾಕ್ ಕರೆಂಟಿನಲ್ಲಿದ್ದು, ಫೋನ್ ಅದರಲ್ಲಿ ಕೂತಿರಬೇಕು.

ಇನ್ನೂ ಬಗೆಹರಿಯದ್ದು

ಕೂತಿರಬೇಕು ಎಂಬುದೇ ಈಗಿನ ತಕರಾರು. ಜೀಪು ಹೋಗದ ಊರುಗಳಿಗೆ ಸಿಬ್ಬಂದಿ ನಡೆದು ಹೋಗುತ್ತಾರೆ. ಆಗ ಫೋನನ್ನು ಡಾಕಿನಿಂದ ಕಿತ್ತು ಒಯ್ಯುವುದು ಸಹಜ, ಅದು ಕೈಫೋನ್ ಆಗಿರುವುದೇ ಅದಕ್ಕೆ. ಆದರೆ ಫೋನ್ ಹೋದ ಮೇಲೆ ಜೀಪಿನ ಡಾಕ್ ಬರೀ ಖಾಲಿ ತೊಟ್ಟಿಲು. ನಡೆದು ಹೋದವರ ಚೀಲದಲ್ಲಿ ಫೋನ್ ಮತ್ತೆ ಕಿವುಡು. ಕಚೇರಿಯಲ್ಲೂ ಒಮ್ಮೆ ಯಾರೋ ಜಿಲ್ಲಾ ಮಟ್ಟದ ಸಭೆಯಲ್ಲಿ ತೋರಿಸಲೆಂದು ಮೇಲಿನ ಕೋಣೆಯ ಫೋನನ್ನು ತೆಗೆದುಕೊಂಡು ಬೆಳಗಾವಿಗೆ ಹೋದರು. ಆ ದಿನ ಸೋಮವಾರವಾದ್ದರಿಂದ ಮಾತ್ರ ಗೊತ್ತಾಯಿತು.

ಕಚೇರಿಯ ಫೋನಿಗೆ ಸಾಹೇಬರು ಈಗ ಕೋಣೆಗೆ ಬೀಗ ಹಾಕಿಸಿದ್ದಾರೆ. ಫೋನ್ ಡಾಕಿನಲ್ಲಿ ಬೀಗದೊಳಗೆ, ಮಾತು ಮಾತ್ರ ಕೆಳಗೆ. ಹಿಂದೆ ಕಪಾಟಿಗೆ ಬೀಗ ಹಾಕುತ್ತಿದ್ದ ಅದೇ ಎಚ್ಚರ, ಈಗ ಕೆಲಸಕ್ಕೆ ಬಂದಿದೆ. ಜೀಪಿನ ಫೋನಿಗೆ ಬೀಗ ಹಾಕುವಂತಿಲ್ಲ. ನಡೆದು ಹೋಗುವವರಿಗೆ ಮೂರನೆಯ ಫೋನ್ ಬೇಕೆಂದು ಬರೆದಿದ್ದಾರೆ. ಅದಕ್ಕೆ ಡಾಕ್ ಬೇಡ ಎಂದು ನಾನೇ ಹೇಳಿದ್ದೇನೆ. ಇರುವ ಹಣದಲ್ಲಿ ಜೀಪಿಗೆ ಒಂದು ಹೆಚ್ಚುವರಿ ಆಂಟೆನಾ ತೆಗೆದಿಟ್ಟುಕೊಂಡರೆ ಸಾಕು, ಕೊಂಬೆ ತಾಗಿ ಮುರಿಯುವುದು ಅದೇ.

ಮೂರನೆಯ ಫೋನ್ ಬರುವವರೆಗೆ ಒಂದು ನಿಯಮ ಇದೆ. ಫೋನ್ ಕಿತ್ತು ಒಯ್ಯುವವರು ಮೊದಲು ಡಾಕಿನಿಂದಲೇ ಕಚೇರಿಗೆ ಒಂದು ಕರೆ ಮಾಡಿ, ಎಷ್ಟು ಹೊತ್ತಿಗೆ ಬಯಲಿಗೆ ಬಂದು ಆಂಟೆನಾ ಎತ್ತುತ್ತೇವೆ ಎಂದು ಹೇಳಿ ಹೋಗಬೇಕು. ಕಂಟ್ರೋಲ್ ರೂಮಿನವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಆ ಹೊತ್ತಿಗೆ ಕರೆ ಹಚ್ಚುತ್ತಾರೆ.